ಕಟ್ಟಿನ ಸಾರಿಗೆ ಮೂರು ಸಲ ಉಪ್ಪು

"ಸಾರು ಚಲೋ ಐತ್ರಿ. ಆದ್ರ ಉಪ್ಪು ಮುಂದಾಗೈತಿ."

ಹೆಣ್ಣು ನೋಡಲು ಬಂದ ಗಂಡು ಆ ಮನೆಯಲ್ಲಿ ಆಡಿದ ಮೊದಲ ಮಾತು ಇದು. ಪಡಸಾಲೆಯಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದವರ ಕೈಗಳು ಅಲ್ಲಲ್ಲೇ ನಿಂತವು. ಸಾರಿನ ಪಾತ್ರೆ ಹಿಡಿದು ಅವನೆದುರಿಗೇ ನಿಂತಿದ್ದ ಗದಿಗೆವ್ವನ ಕಿವಿಯ ತುದಿ ಬಿಸಿಯಾಯಿತು. ಸಿಟ್ಟು ಬಂತೋ ನಾಚಿಕೆಯಾಯಿತೋ ಅವಳಿಗೇ ತಿಳಿಯಲಿಲ್ಲ. ಏಕೆಂದರೆ ಈ ಮಾತು ಆಡುವ ಮುಂಚೆ ಆ ಮಹಾರಾಯ ಅದೇ ಸಾರನ್ನು ಎರಡನೇ ಸಲ ಹಾಕಿಸಿಕೊಂಡು, ಎಲೆಯ ಮೇಲೆ ಒಂದು ಹನಿ ಉಳಿಯದಂತೆ ಉಂಡಿದ್ದ.

ಅದಕ್ಕಿಂತ ದೊಡ್ಡ ಪೇಚೆಂದರೆ ಅವನು ಮಾತಾಡುವಾಗ ನೋಡಿದ್ದು ಅವಳನ್ನೇ. ಕಣ್ಣಲ್ಲಿ ಕುಹಕವಿರಲಿಲ್ಲ. ಅಂಗಿಯ ಗುಂಡಿ ಬಿಚ್ಚಿದೆ ನೋಡು ಎಂದು ಗೆಳೆಯನಿಗೆ ಹೇಳುವವರ ಸಲಿಗೆ ಇತ್ತು, ಅಷ್ಟೇ. ಇಪ್ಪತ್ತೊಂದು ವರ್ಷದ ಗದಿಗೆವ್ವನನ್ನು ಈವರೆಗೆ ಯಾವ ಗಂಡಸೂ ಹಾಗೆ ನೋಡಿರಲಿಲ್ಲ.

"ಎಡಿ ಹಿಡಿದ ಅಡಗಿಗೆ ಹೆಸರಿಡ್ತೀಯೇನೋ ತಮ್ಮಾ?" ಬಾಗಿಲ ಬಳಿ ಕೂತಿದ್ದ ಅಜ್ಜಿ ನೀಲಗಂಗವ್ವ ಕೇಳಿದಳು. ದನಿ ಮೆಲ್ಲಗಿತ್ತು. ಅಜ್ಜಿಯ ದನಿ ಮೆಲ್ಲಗಾದರೆ ಆ ಮನೆಯಲ್ಲಿ ಬೆಕ್ಕು ಕೂಡ ಒಲೆಯ ಹಿಂದೆ ಸರಿಯುತ್ತಿತ್ತು.

"ಹೆಸರಿಡಲಿಲ್ಲರಿ ಅಮ್ಮಾ. ಹೆಂಗಾಗೈತಿ ಅಂತ ಕೇಳಿದ್ರಿ, ಹೇಳಿದೆ," ಎಂದ ವಿರೂಪಾಕ್ಷಪ್ಪ. ಹೇಳಿದವನೇ ತನ್ನ ಪಾಡಿಗೆ ಹೋಳಿಗೆ ಮುರಿದು ತುಪ್ಪಕ್ಕೆ ಅದ್ದಿದ.

ಅಲ್ಲಿಗೆ ಆ ಸಂಬಂಧ ಮುರಿಯಿತು.

ಗದಿಗೆವ್ವನ ಅಪ್ಪ, ಲಕ್ಷ್ಮೇಶ್ವರದ ಶೇಂಗಾ ವ್ಯಾಪಾರಿ ಹುಚ್ಚೀರಪ್ಪನ ಮನೆ ಅದು. ಶ್ರಾವಣ ಸೋಮವಾರ. ಬೆಟಗೇರಿಯಿಂದ ಗಂಡಿನ ಕಡೆಯವರು ಬಂದಿದ್ದರು. ಚಹಾ ಅವಲಕ್ಕಿಗೆ ಮುಗಿಯಬೇಕಾದ ಶಾಸ್ತ್ರವನ್ನು ಅಜ್ಜಿಯೇ ಊಟಕ್ಕೆ ಎಳೆದಿದ್ದಳು. ಹಬ್ಬದ ದಿನ ಉಣ್ಣುವ ಹೊತ್ತಿಗೆ ಹೊಸ್ತಿಲು ದಾಟಿದವರನ್ನು ಉಣ್ಣಿಸದೆ ಕಳಿಸುವ ವಾಡಿಕೆ ಆ ಮನೆಗೆ ಇರಲಿಲ್ಲ.

ಇನ್ನೊಂದು ವಾಡಿಕೆಯೂ ಇತ್ತು. ಹಬ್ಬದ ಅಡುಗೆಯನ್ನು ಮನೆದೇವರು ವೀರಭದ್ರನಿಗೆ ಎಡೆ ಹಿಡಿಯುವ ಮೊದಲು ಯಾರೂ ಬೆರಳ ತುದಿಯಿಂದಲೂ ರುಚಿ ನೋಡುವ ಹಾಗಿಲ್ಲ. ಇಂಥ ಮನೆಗಳು ಬೇಕಾದಷ್ಟಿವೆ. ಆದರೆ ನೀಲಗಂಗವ್ವ ತನ್ನ ಅಡುಗೆಮನೆಗೆ ಒಂದು ಉಪಾಯ ಮಾಡಿಟ್ಟಿದ್ದಳು. ಸಾರಿಗೆ ಉಪ್ಪು ಹಾಕಿದವರು ಉಪ್ಪಿನ ಗಡಿಗೆಯ ಮುಚ್ಚಳವನ್ನು ಬೋರಲು ಹಾಕಬೇಕು. ಮುಚ್ಚಳ ಬೋರಲಿದ್ದರೆ ಉಪ್ಪು ಬಿದ್ದಿದೆ, ನೆಟ್ಟಗಿದ್ದರೆ ಬಿದ್ದಿಲ್ಲ. ಸೊಸೆಯಾಗಿ ಬಂದಾಗಿನಿಂದ ಈ ಉಪಾಯ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಅವತ್ತು ಕೈಕೊಟ್ಟಿತು. ನೆಂಟರು ಹೋದ ಮೇಲೆ ಮೂವರು ಹೆಂಗಸರೂ ಆ ಸಾರನ್ನು ಬಾಯಿಗೆ ಹಾಕಿಕೊಂಡರು. ಗದಿಗೆವ್ವನ ಅವ್ವ ಕಣ್ಣು ಮುಚ್ಚಿ ನುಂಗಿದಳು. ಗದಿಗೆವ್ವ ಹಿತ್ತಲಿಗೆ ಓಡಿ ಉಗುಳಿ ಬಂದಳು. ಅಜ್ಜಿ ಮಾತ್ರ ಮುಖದ ಒಂದು ಗೆರೆಯನ್ನೂ ಅಲುಗಿಸದೆ, "ನಾ ಹಾಕಿದ್ದು ಒಂದ ಹಿಡಿ. ಸರಿ ಐತಿ," ಎಂದಳು.

ಅವ್ವ ಮತ್ತು ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವ್ವ ಒಂದು ಹಿಡಿ ಹಾಕಿದ್ದಳು. ಗದಿಗೆವ್ವನೂ ಒಂದು ಹಿಡಿ ಹಾಕಿದ್ದಳು. ಇಬ್ಬರೂ ನೋಡಿದಾಗ ಮುಚ್ಚಳ ನೆಟ್ಟಗೇ ಇತ್ತು. ಹಾಗೆಂದು ಹೇಳಿದರೆ ಅಜ್ಜಿ ಮುಚ್ಚಳ ಬೋರಲು ಹಾಕುವುದನ್ನು ಮರೆತಳು ಎಂದಾಗುತ್ತದೆ. ಆ ಮಾತನ್ನು ಅಜ್ಜಿಯ ಎದುರಿಗೆ ಆಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ಎಡಿ ಅಡಗಿಗೆ ಹೆಸರಿಟ್ಟಂವ ಈ ಮನಿ ಅಳಿಯ ಆಗಾಂಗಿಲ್ಲ," ಎಂದಳು ಅಜ್ಜಿ.

ಹುಚ್ಚೀರಪ್ಪ ಎಂದಿನಂತೆ ಹೂಂಗುಟ್ಟಿದ. ಅವನೂ ಅದೇ ಸಾರು ಉಂಡಿದ್ದ. "ಚಲೋ ಆಗೈತಿ" ಎಂದೂ ಹೇಳಿದ್ದ. ಮುಂದೆ ಏನೇ ಬಡಿಸಲಿ, ಎಲೆಯಿಂದ ಕಣ್ಣೆತ್ತದೆ ಆ ಮನುಷ್ಯ ಹೇಳುತ್ತಿದ್ದದ್ದು ಅದೊಂದೇ ಮಾತು. ಒಂದು ಸಲ ಅವ್ವ ಮಗಳಿಗೆ ಹೇಳಿದ್ದಳು: "ನಿಮ್ಮಪ್ಪಗ ಏನ ಸೇರತೈತಿ ಅನ್ನೋದು ನನಗ ಇವತ್ತಿಗೂ ಗೊತ್ತಿಲ್ಲವಾ. ಸುಣ್ಣಾ ಕಲಸಿ ಇಟ್ರೂ ಚಲೋ ಆಗೈತಿ ಅಂತಾರ." ನಗುತ್ತ ಹೇಳಿದ ಮಾತು. ಆದರೆ ನಕ್ಕು ಮುಗಿದ ಮೇಲೆ ಅವ್ವ ಬಹಳ ಹೊತ್ತು ಸುಮ್ಮನೆ ರೊಟ್ಟಿ ಬಡಿದಿದ್ದಳು.

*

ಬಳೆಗಾರ್ತಿ ಶಮಶಾದಬಿ ಬಂದದ್ದು ಮುಂದಿನ ವಾರ. ಗದಗಿನಿಂದ ಹೊರಟು ಶಿರಹಟ್ಟಿ, ಲಕ್ಷ್ಮೇಶ್ವರ, ಅತ್ತ ಮುಂಡರಗಿಯವರೆಗೂ ಬಳೆಯ ಮಲಾರ ಹೊತ್ತು ತಿರುಗುವ ಹೆಂಗಸು. ಯಾವ ಮನೆಯ ಹೆಣ್ಣಿನ ಕೈ ಎಷ್ಟು ಮೆತ್ತಗಿದೆ, ಯಾವ ಮನೆಯ ಅತ್ತೆಯ ಬಾಯಿ ಎಷ್ಟು ಗಟ್ಟಿಯಿದೆ ಎಂಬ ಖಬರೆಲ್ಲ ಅವಳ ಹತ್ತಿರ ಇರುತ್ತಿತ್ತು.

ಕಟ್ಟೆಯ ಮೇಲೆ ಕೂತು ಗದಿಗೆವ್ವನ ಕೈ ಹಿಡಿದು ಹಸಿರು ಚುಕ್ಕಿ ಬಳೆ ಏರಿಸುತ್ತ, ಒಳಗಿನವರಿಗೆ ಕೇಳದಂತೆ ಹೇಳಿದಳು. "ಬೆಟಗೇರಿಯಿಂದ ಒಂದ ಸವಾಲ್ ಬಂದೈತಿ. ಸಾರಿಗೆ ಉಪ್ಪು ಹೆಚ್ಚಾದ್ರ ಏನ್ ಮಾಡ್ಬೇಕಂತ?"

ಗದಿಗೆವ್ವ ಕೈ ಎಳೆದುಕೊಂಡಳು. ಬಳೆ ಒಂದು ಚಟ್ಟೆಂದಿತು. "ಬಾಯಿ ಮುಚ್ಚಿಕೊಂಡ ಉಣ್ಣಬೇಕಂತ ಹೇಳ."

"ಹಂಗ ಹೇಳ್ಲೇನು?"

ಗದಿಗೆವ್ವ ಕೊಂಚ ಹೊತ್ತು ಬೀದಿ ನೋಡಿದಳು. "ಜ್ವಾಳದ ಹಿಟ್ಟು ಕಲಸಿ ಉಂಡಿ ಮಾಡಿ ಸಾರಿನಾಗ ಬಿಡಬೇಕು. ಕುದಿಯೂತನಕ ಉಪ್ಪು ಎಳಕೊಂತೈತಿ. ಆಮ್ಯಾಲ ಆ ಉಂಡಿ ತಗದು ದನಕ್ಕ ಹಾಕಬೇಕು."

ಮುಂದಿನ ಸಲ ಉತ್ತರ ಬಂತು. ಉಂಡೆಯನ್ನು ದನಕ್ಕೆ ಹಾಕಲಿಲ್ಲವಂತೆ. ಮುರಿದು ಕುಸುಬೆ ಎಣ್ಣೆ, ಹಸಿ ಉಳ್ಳಾಗಡ್ಡಿ ಹಾಕಿಕೊಂಡು ತಿಂದನಂತೆ. ಸಾರಿಗಿಂತ ಅದೇ ಚಲೋ ಇತ್ತಂತೆ.

ಗದಿಗೆವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಡಗಿ ಯಾರ ಮಾಡ್ತಾರಲ್ಲಿ?"

"ಅವನ ಮಾಡ್ತಾನ. ತಾಯಿ ಸಣ್ಣಂವಿದ್ದಾಗ ತೀರಿಕೊಂಡ್ಲು. ಸೋದರತ್ತಿ ಶಂಕ್ರೆವ್ವ ಸಾಕಿದ್ಲು, ಅವತ್ತ ನಿಮ್ಮ ಮನಿಗೂ ಬಂದಿದ್ಲಲ್ಲ, ಆಕಿ. ಆಕಿ ಮುಂಗೈ ಮುರದು ಸೊಟ್ಟಗ ಕೂಡಿಕೊಂಡೈತಿ. ಹಿಂಗಾಗಿ ಇವನ ರೊಟ್ಟಿ ಬಡೀತಾನ. ಹೊರಗ ಯಾರಿಗೂ ಹೇಳಬ್ಯಾಡ ಅಂದಾನ, ಅದಕ್ಕ ನಿನಗ ಹೇಳಾಕತ್ತೀನಿ."

ಗಂಡಸು ರೊಟ್ಟಿ ಬಡಿಯುತ್ತಾನೆ ಎಂಬ ಸುದ್ದಿ ಕೇಳಿ ಗದಿಗೆವ್ವ ನಗಬೇಕಾಗಿತ್ತು. ನಗು ಬರಲಿಲ್ಲ. ಹಿಟ್ಟು ಮೆತ್ತಿದ ಆ ಕೈಗಳು ಅದೇಕೋ ದಿನವೆಲ್ಲ ಅವಳ ಕಣ್ಣ ಮುಂದೆ ಇದ್ದವು.

ಅಲ್ಲಿಂದ ಇಬ್ಬರ ನಡುವೆ ಅಡುಗೆಗಳು ಓಡಾಡತೊಡಗಿದವು. ಅಡುಗೆ ಎಂದರೆ ಅಡುಗೆಯ ಮಾತು. ಶಮಶಾದಬಿಯ ಕೈಯಲ್ಲಿ ತಿನಿಸು ಕಳಿಸಿದರೆ ಎರಡೂ ಮನೆಯ ಹಿರಿಯರು ಹೌಹಾರುವ ಕಾಲ ಅದು. ಮಾತಿಗೆ ಆ ಕಾಟ ಇರಲಿಲ್ಲ. ಶೇಂಗಾ ಖರೀದಿಗೆಂದು ಹಳ್ಳಿ ಹಳ್ಳಿ ಅಲೆಯುವ ವಿರೂಪಾಕ್ಷಪ್ಪ ಹೋದಲ್ಲೆಲ್ಲ ಏನು ಉಂಡೆನೆಂದು ಹೇಳಿ ಕಳಿಸುತ್ತಿದ್ದ. ಹಿರೇಹಂದಿಗೋಳದಲ್ಲಿ ಒಬ್ಬ ಮುದುಕಿ ಗುರೆಳ್ಳು ಚಟ್ನಿಗೆ ಕರಿಬೇವನ್ನು ಎಣ್ಣೆ ಹಚ್ಚದೆ ಬರೇ ಹಂಚಿನ ಮೇಲೆ ಹುರಿಯುತ್ತಾಳೆ, ನೀವೂ ಮಾಡಿ ನೋಡಿ. ಅಸುಂಡಿಯ ಹೊಲದಲ್ಲಿ ಸುಟ್ಟ ಹಸಿ ಶೇಂಗಾಕ್ಕೆ ಬೆಲ್ಲ ಕಚ್ಚಿಕೊಂಡರೆ ಊಟವೇ ಬೇಡ. ಡೋಣಿಯಲ್ಲಿ ಕಪ್ಪತಗುಡ್ಡದ ಜೇನು ಸಿಕ್ಕಿತು, ಬಿಸಿ ರೊಟ್ಟಿಗೆ ಹಚ್ಚಿ ತಿಂದೆ, ಒಬ್ಬನೇ ತಿಂದದ್ದು ಸರಿ ಅನಿಸಲಿಲ್ಲ.

ಈ ಕೊನೆಯ ಮಾತನ್ನು ಶಮಶಾದಬಿ ಎರಡು ಸಲ ಹೇಳಿದಳು.

ಗದಿಗೆವ್ವನೂ ಸುಮ್ಮನೆ ಕೂರುವ ಹುಡುಗಿಯಲ್ಲ. ಎಣ್ಣೆಗಾಯಿಗೆ ಮುಳ್ಳು ಬದನೆಯೇ ಆಗಬೇಕು, ನುಣ್ಣಗಿನದು ತಂದವರಿಗೆ ಅಡುಗೆ ತಿಳಿಯದು ಎಂದಳು. ಅಗಸೆ ಚಟ್ನಿ ಕುಟ್ಟಬೇಕು, ಬೀಸಬಾರದು ಎಂದಳು. ರೊಟ್ಟಿಯ ಹಿಟ್ಟಿಗೆ ನೀರು ಕುದಿಸಿ ಹಾಕುತ್ತಾರೋ ಬರೀ ಬಿಸಿ ಮಾಡಿ ಹಾಕುತ್ತಾರೋ ಎಂದು ಪರೀಕ್ಷೆ ಇಟ್ಟಳು. ಎಲ್ಲಕ್ಕೂ ಉತ್ತರ ಬರುತ್ತಿತ್ತು. ಒಮ್ಮೊಮ್ಮೆ ಜಗಳವೂ ಬರುತ್ತಿತ್ತು. ನಡುವೆ ಶಮಶಾದಬಿಗೆ ಬೆಳ್ಳುಳ್ಳಿ ಎಂದರೆ ಪ್ರಾಣ. ಅವಳ ಬಾಯಿ ದಾಟಿದ ಪ್ರತಿ ಅಡುಗೆಗೂ ನಾಲ್ಕು ಎಸಳು ಹೆಚ್ಚಿಗೆ ಬೀಳುತ್ತಿದ್ದವು. ಒಂದು ಸಲ ಗೋಧಿ ಹುಗ್ಗಿಗೂ ಬೆಳ್ಳುಳ್ಳಿ ಬಂದಾಗ ಗದಿಗೆವ್ವ, "ಇದು ನಿಂದೋ ಅವರದೋ?" ಎಂದು ಕೇಳಿದಳು. ಶಮಶಾದಬಿ ಬಳೆಗಳನ್ನು ಎಣಿಸತೊಡಗಿದಳು.

ಕಡೆಗೊಂದು ದಿನ ಗದಿಗೆವ್ವ ಕೇಳಿಯೇಬಿಟ್ಟಳು. "ಅಷ್ಟ ಉಪ್ಪಿದ್ದ ಸಾರು ಎರಡನೇ ಸಲ ಯಾಕ ಹಾಕಿಸಿಕೊಂಡ್ರಂತ ಕೇಳ."

ಉತ್ತರ ಬರಲು ಹದಿನೈದು ದಿನ ಹಿಡಿಯಿತು. ಶಮಶಾದಬಿ ಅವಳ ಮುಂಗೈ ಹಿಡಿದು, ಬಳೆಗಳನ್ನು ಬೆರಳಿನಿಂದ ಒಮ್ಮೆ ಮೆಲ್ಲಗೆ ಸವರಿ ಸಪ್ಪಳ ಮಾಡಿದಳು. "ಬಡಸುವಾಗ ಇವು ಹಿಂಗ ಸಪ್ಪಳ ಆದುವಂತ. ಇನ್ನೊಮ್ಮಿ ಕೇಳಬೇಕು ಅನಿಸಿತಂತ. ಆ ಬಳಿ ಇಟ್ಟಾಕಿ ನಾನ, ನೆನಪಿಟ್ಟಕೊ."

ಅವನು ಬೇಕು ಎಂದು ಗದಿಗೆವ್ವನ ಜೀವಕ್ಕೆ ಖಚಿತವಾದದ್ದು ಆ ಕಟ್ಟೆಯ ಮೇಲೆ, ಆ ಮಧ್ಯಾಹ್ನ.

ಅದೇ ಮಧ್ಯಾಹ್ನ ಶಮಶಾದಬಿ ಎದ್ದು ಹೊರಡುವಾಗ ಇನ್ನೊಂದು ಮಾತು ಹೇಳಿದಳು. ಅವಳ ಮಟ್ಟಿಗೆ ಅದು ಬರೀ ಹರಟೆ. "ಶಂಕ್ರೆವ್ವ ಇನ್ನೂ ಅಂತಿರ್ತಾಳ. ಆ ಮನಿಯವರು ಶುಭದ ದಿನಾನ ಉಪ್ಪಿನ ಗಡಿಗಿ ಮುಚ್ಚಳ ಬೋರಲ ಹಾಕಿದ್ರು, ನಾ ನೀರ ಕುಡಿಯಾಕ ಒಳಗ ಹೋದಾಗೆಲ್ಲ ನೆಟ್ಟಗ ಮಾಡಿ ಬಂದೆ, ಎರಡ ಸಲ ಮಾಡಿದೆ, ಅಂತ."

ಗದಿಗೆವ್ವನಿಗೆ ಈಗ ಎಲ್ಲ ತಿಳಿಯಿತು. ಅಜ್ಜಿಯೂ ಮರೆತಿರಲಿಲ್ಲ, ಅವ್ವನೂ ಮರೆತಿರಲಿಲ್ಲ. ತಪ್ಪು ಗಂಡಿನ ಕಡೆಯಿಂದಲೇ ಆಗಿತ್ತು. ಒಳಗೆ ಹೋಗಿ ಒಂದು ಮಾತು ಹೇಳಿದರೆ ಅಜ್ಜಿ ಗೆದ್ದಂತೆ. ಆದರೆ ಗೆದ್ದ ಅಜ್ಜಿ ಸುಮ್ಮನಿರುವವಳಲ್ಲ; ಹಬ್ಬದ ಅಡುಗೆ ಕೆಡಿಸಿದವಳು ಎಂದು ಶಂಕ್ರೆವ್ವನ ಹೆಸರನ್ನು ಊರ ತುಂಬ ಹೇಳಿ ಬರುತ್ತಾಳೆ. ತನ್ನನ್ನು ಎತ್ತಿ ಆಡಿಸಿದ ಅತ್ತೆಯನ್ನು ಹಂಗಿಸಿದ ಮನೆಯ ಕಡೆ ಅವನು ಮತ್ತೆ ತಲೆ ಹಾಕುತ್ತಾನೆಯೇ? ಆ ಮಾತನ್ನು ಗದಿಗೆವ್ವ ನುಂಗಿಕೊಂಡಳು.

*

ಮಹಾನವಮಿಯ ಹೊತ್ತಿಗೆ ಮುಂಡರಗಿಯಿಂದ ಸಂಬಂಧ ಬಂತು. ಎರೆಹೊಲ, ತೋಟ, ಎರಡು ಅಂತಸ್ತಿನ ಹೊಸ ಮನೆ. ಹುಡುಗನ ತಾಯಿ ಹೆಮ್ಮೆಯಿಂದ ಹೇಳಿದಳು: "ನಮ್ಮ ಹುಡುಗಗ ಉಣ್ಣೂದ್ರಾಗ ಏನೂ ತ್ರಾಸಿಲ್ಲ. ಏನ ಹಾಕಿದ್ರೂ ನಡೀತೈತಿ. ಬಾಯಿ ಬಿಡಾಂಗಿಲ್ಲ." ಅಜ್ಜಿ ಬಹಳ ಮೆಚ್ಚಿದಳು. ಗದಿಗೆವ್ವನಿಗೆ ಅವ್ವ ಸುಮ್ಮನೆ ರೊಟ್ಟಿ ಬಡಿದದ್ದು ನೆನಪಾಯಿತು. ದೀಪಾವಳಿ ಪಾಡ್ಯ ಮುಗಿದ ಮೇಲೆ ನಿಶ್ಚಯಕ್ಕೆ ಬರುತ್ತೇವೆ ಎಂದು ಅವರು ಹೋದರು.

ಸೀರೆ ತರಲು ಅವ್ವ ಮಗಳು ಗದಗಿಗೆ ಹೋದರು. ಬರುವಾಗ ಬಸ್ಸು ಶಿರಹಟ್ಟಿಯಲ್ಲಿ ಕೆಟ್ಟು ನಿಂತಿತು. ಡ್ರೈವರ್ ಬಾನೆಟ್ ತೆಗೆದು ಒಳಗೆ ಮುಖ ಹಾಕಿದ. ಗಂಡಸರೆಲ್ಲ ಇಳಿದು ಬೀಡಿ ಹಚ್ಚಿದರು. ಬಸ್ಸಿನ ಟಾಪಿನ ಮೇಲಿಂದ ಖಾಲಿ ಚೀಲಗಳ ಕಟ್ಟು ಇಳಿಸುತ್ತಿದ್ದವನು ಕಿಟಕಿಯ ಹತ್ತಿರ ಬಂದಾಗ ಗದಿಗೆವ್ವ ಸೆರಗು ಸರಿಮಾಡಿಕೊಂಡಳು.

"ಆರಾಮ ಇದ್ದೀರೇನ್ರಿ?" ವಿರೂಪಾಕ್ಷಪ್ಪ ಅವ್ವನನ್ನು ಕೇಳಿದ. ಕೇಳಿದ್ದು ಅವ್ವನನ್ನು, ನೋಡಿದ್ದು ಎಲ್ಲಿಯೆಂದು ಬೇರೆ ಹೇಳಬೇಕಿಲ್ಲ.

ಐದು ನಿಮಿಷದಲ್ಲಿ ಕಾಗದದ ಪೊಟ್ಟಣದಲ್ಲಿ ಬಿಸಿ ಮಿರ್ಚಿ ಭಜಿ ಕಿಟಕಿಯೊಳಗೆ ಬಂತು. ಅವ್ವ ಒಂದು ತಿಂದು, ನೀರು ಕುಡಿದು, "ನನಗ ಯಾಕೋ ನಿದ್ದಿ ಹತ್ತೇತಿ ನೋಡವಾ," ಎಂದು ಸೆರಗು ಮುಖಕ್ಕೆಳೆದುಕೊಂಡು ಒರಗಿದಳು. ಬಸ್ಸಿನಲ್ಲಿ ಎಂದೂ ಕಣ್ಣು ಮುಚ್ಚದ ಅವ್ವನಿಗೆ ಅಂಥ ನಿದ್ದೆ ಎಲ್ಲಿಂದ ಬಂತೋ.

ಅವನೂ ಒಂದು ಮಿರ್ಚಿ ಕಚ್ಚಿದ. ಮೊದಲ ತುತ್ತಿಗೆ ಅವನ ಎಡಹುಬ್ಬು ಮೆಲ್ಲಗೆ ಮೇಲೆದ್ದಿತು. ಗದಿಗೆವ್ವ ಅದನ್ನು ನೋಡಿದಳು. ಸಾರು ಉಂಡ ದಿನವೂ ಅದೇ ಹುಬ್ಬು ಹೀಗೇ ಎದ್ದಿತ್ತು.

"ಏನ ಕಮ್ಮಿ ಆಗೈತಿ?" ಎಂದಳು.

ಅವನು ಬೆರಗಾದ. "ಹೆಂಗ ಗೊತ್ತಾತು?"

"ಹೇಳ್ರಿ."

"ಓಂಕಾಳು ಕಮ್ಮಿ. ಮುಂಡರಗಿ ಪ್ಯಾಟ್ಯಾಗ ಹೆಚ್ಚ ಹಾಕ್ತಾರ, ಇಲ್ಲಿ ಕಮ್ಮಿ. ನಡುವ ಯಾರೂ ಇಲ್ಲ."

ಮುಂಡರಗಿಯ ಹೆಸರು ಬಂದದ್ದೇ ಇಬ್ಬರ ಮುಖವೂ ಇಳಿಯಿತು. ಅವನಿಗೂ ಖಬರು ಮುಟ್ಟಿತ್ತು. ಕಿಟಕಿಯ ಕಂಬಿ ಹಿಡಿದ ಅವನ ಕೈ ಅವಳ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಬೆರಳ ಸಂದಿಯಲ್ಲಿ ರೊಟ್ಟಿ ಸುಡುವಾಗ ಹಂಚು ತಾಗಿದ ಹಳೆಯ ಕಲೆ. ಅದರ ಮೇಲೆ ಬೆರಳಿಡಬೇಕೆಂದು ಗದಿಗೆವ್ವನಿಗೆ ಆಸೆಯಾಯಿತು. ಬಸ್ಸು, ಬೀಡಿ ಸೇದುವ ಗಂಡಸರು, ನಿದ್ದೆ ಮಾಡದ ಅವ್ವ ಎಲ್ಲರೂ ಇದ್ದರು. ಅವಳು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು.

"ಅವತ್ತ ನಾ ಬಾಯಿ ಬಿಟ್ಟಿದ್ದು ತಪ್ಪಾತು," ಎಂದ ಅವನು. "ನನ್ನ ನಾಲಿಗಿ ನನಗ ವೈರಿ ಆತು. ಇನ್ನ ಯಾರ ಮನ್ಯಾಗೂ ಒಂದ ಮಾತು ಅನ್ನಾಂಗಿಲ್ಲ. ಚಲೋ ಆಗೈತಿ ಅಂದು ಎದ್ದು ಬರ್ತೀನಿ."

ಹಾಗೆ ಆಗಬೇಡಿ ಎಂದು ಹೇಳಲು ಗದಿಗೆವ್ವ ಬಾಯಿ ತೆರೆದಳು. ಅಷ್ಟರಲ್ಲಿ ಎಂಜಿನ್ ಗುರುಗುಟ್ಟಿತು, ಜನ ನುಗ್ಗಿದರು, ಅವನು ಚೀಲಗಳ ಕಟ್ಟಿನ ಜತೆ ಹಿಂದೆ ಉಳಿದ.

*

ಐವತ್ತಾರನೇ ಇಸವಿಯ ನವೆಂಬರ್ ಒಂದನೇ ತಾರೀಖು ದೀಪಾವಳಿಯ ಸಂಭ್ರಮದಲ್ಲೇ ಬಂತು. ಮಿರಜ ಸಂಸ್ಥಾನದವರಾಗಿದ್ದ ಲಕ್ಷ್ಮೇಶ್ವರದವರು, ಸಾಂಗ್ಲಿಯವರಾಗಿದ್ದ ಶಿರಹಟ್ಟಿಯವರು, ಮುಂಬೈ ಸರಕಾರದ ಗದಗಿನವರು ಎಲ್ಲರೂ ಅವತ್ತಿನಿಂದ ಮೈಸೂರು ರಾಜ್ಯದವರು. ಬಜಾರದಲ್ಲಿ ತೋರಣ ಕಟ್ಟಿದ್ದರು, ಪೇಡೆ ಹಂಚಿದರು. ಮನೆಯಲ್ಲಿ ಅಜ್ಜಿಗೆ ಒಂದೇ ಚಿಂತೆ.

"ಮೈಸೂರ ಕಡೀಗೆ ರಾಗಿ ಮುದ್ದಿ ಅಗಿಯಾಂಗಿಲ್ಲಂತ, ನುಂಗ್ತಾರಂತ. ಹಲ್ಲಿದ್ದು ಯಾಕ ನುಂಗಬೇಕು? ಇನ್ನ ನಾವೂ ನುಂಗಬೇಕೇನು?"

"ನಿನಗ ಹಲ್ಲ ಎಲ್ಯಾವ ಬೇ," ಎಂದಳು ಅವ್ವ. ಹಬ್ಬದ ದಿನವಾದ್ದರಿಂದ ಅಜ್ಜಿ ನಕ್ಕಳು.

ಎಡೆ ಹಿಡಿದು ಎಲೆ ಹಾಕುವ ಹೊತ್ತಿಗೆ ಹುಚ್ಚೀರಪ್ಪ ಅಂಗಡಿಯಿಂದ ಬಂದ. ಹಿಂದೆ ವಿರೂಪಾಕ್ಷಪ್ಪ ನಿಂತಿದ್ದ. ಶೇಂಗಾ ಮಾತಾಡಲು ಬಂದಿದ್ದನಂತೆ. ಹೋಟೆಲುಗಳೆಲ್ಲ ಮುಚ್ಚಿವೆಯಂತೆ. ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆದರೆ ಹಬ್ಬದ ದಿನ ಹೊಸ್ತಿಲಿಗೆ ಬಂದವನು. "ಕುಂಡ್ರು," ಎಂದಳು. ಅದಕ್ಕಿಂತ ಹೆಚ್ಚಿಗೆ ಒಂದು ಅಕ್ಷರ ಹೇಳಲಿಲ್ಲ.

ಗದಿಗೆವ್ವ ಸಾರು ಬಡಿಸಿದಳು. ಪಾತ್ರೆಯನ್ನು ಬಿಗಿಯಾಗಿ ಹಿಡಿದಿದ್ದಳು. ನಾಲ್ಕು ದಿನದಲ್ಲಿ ಮುಂಡರಗಿಯವರು ಬರುತ್ತಾರೆ ಎಂಬುದೊಂದೇ ಅವಳ ತಲೆಯಲ್ಲಿ ಬೆಳಗಿನಿಂದ ಸುತ್ತುತ್ತಿತ್ತು.

ವಿರೂಪಾಕ್ಷಪ್ಪ ಮೊದಲ ತುತ್ತು ಬಾಯಿಗಿಟ್ಟ. ಎಡಹುಬ್ಬು ಎದ್ದಿತು.

"ಹೆಂಗಾಗೈತೋ?" ಅಜ್ಜಿ ಬೇಕೆಂದೇ ಕೇಳಿದಳು.

ಅವನು ಎಲೆಯಿಂದ ಕಣ್ಣೆತ್ತಲಿಲ್ಲ. "ಚಲೋ ಆಗೈತ್ರಿ."

ಗದಿಗೆವ್ವ ಸವುಟನ್ನು ಪಾತ್ರೆಗೆ ಬಿಟ್ಟಳು. ತನ್ನ ಅಪ್ಪನ ಮಾತು. ಅದೇ ದನಿ, ಅದೇ ತಗ್ಗಿದ ತಲೆ. ತಾನು ಇಷ್ಟು ದಿನ ಆಸೆಪಟ್ಟ ಮನುಷ್ಯ ಕಣ್ಣೆದುರೇ ಮುಂಡರಗಿಯ ಹುಡುಗನಾಗುತ್ತಿದ್ದ. ಪಾತ್ರೆಯನ್ನು ಅವಳು ನೆಲಕ್ಕಿಟ್ಟಳು.

"ಸುಳ್ಳು ಹೇಳಬ್ಯಾಡ್ರಿ," ಎಂದಳು.

ಆ ಪಡಸಾಲೆಯಲ್ಲಿ ಉಣ್ಣುವ ಗಂಡಸರೊಂದಿಗೆ ಹೆಣ್ಣುಮಗಳೊಬ್ಬಳು ಹೀಗೆ ಮಾತಾಡಿದ್ದು ಅದೇ ಮೊದಲು.

"ನಿಮ್ಮ ಹುಬ್ಬು ಒಂದ ಹೇಳ್ತೈತಿ, ಬಾಯಿ ಒಂದ ಹೇಳ್ತೈತಿ. ಖರೆ ಹೇಳ್ರಿ. ಏನ ತಪ್ಪೇತಿ?"

ವಿರೂಪಾಕ್ಷಪ್ಪ ತಲೆಯೆತ್ತಿ ಅವಳನ್ನು ನೋಡಿದ. "ಹುಣಸಿ ಹಾಕೋದ ಮರತೀರಿ," ಎಂದ. "ಹೋಳಿಗಿ ಮಾತ್ರ ಇಂಥದ್ದು ನಾ ಎಲ್ಲೂ ಉಂಡಿಲ್ಲ. ಎರಡೂ ಖರೆ."

"ಮತ್ತ ಚಲೋ ಆಗೈತಿ ಅಂತ ಯಾಕ ಅಂದ್ರಿ?"

"ಖರೆ ಹೇಳಿ ಒಮ್ಮಿ ನಿಮ್ಮನ್ನ ಕಳಕೊಂಡೀನಿ. ಇನ್ನೊಮ್ಮಿ ಕಳಕೊಳ್ಳಾಕ ಆಗಾಂಗಿಲ್ಲ ನನ್ನ ಕಡಿಂದ."

ಎಲ್ಲರೆದುರು, ಉಂಡ ಕೈ ಹಾಗೇ ಹಿಡಿದುಕೊಂಡು ಹೇಳಿದ. ಹೇಳಿದ ಮೇಲೆ ಅವನ ಮುಖವೆಲ್ಲ ಕೆಂಪಾಯಿತು. ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹುಚ್ಚೀರಪ್ಪ ಎಲೆಯನ್ನೇ ನೋಡುತ್ತ ಒಂದು ತುತ್ತು ನುಂಗಿ, ಇನ್ನೊಂದು ನುಂಗಿ, ಹೆಂಡತಿಯ ಕಡೆ ತಿರುಗಿ ಮೆಲ್ಲಗೆ, "ಖರೇನ ಹುಣಸಿ ಇಲ್ಲ ಇದರಾಗ," ಎಂದ. ಅವ್ವ ನಗಲು ಹೋದಳು, ಕಣ್ಣಲ್ಲಿ ನೀರು ಬಂತು.

ಎಲ್ಲರೂ ಅಜ್ಜಿಯ ಸಿಡಿಲಿಗೆ ಕಾದರು. ಅಜ್ಜಿ ಕೈಚಾಚಿ, ಸಾರಿನ ಪಾತ್ರೆಯಿಂದ ಅಂಗೈಗೆ ಒಂದು ಸವುಟು ಹಾಕಿಸಿಕೊಂಡು ಕುಡಿದಳು. ಬಾಯಲ್ಲಿ ತಿರುಗಿಸಿದಳು.

"ನನಗ ಏನೂ ತಿಳಿಯಾಂಗಿಲ್ಲೋ ತಮ್ಮಾ," ಎಂದಳು ಕಡೆಗೆ. ದನಿ ಮೆಲ್ಲಗಿತ್ತು, ಆದರೆ ಯಾರೂ ಹೆದರುವಂಥ ಮೆಲ್ಲಗಲ್ಲ. "ನನ್ನ ನಾಲಿಗಿ ಸತ್ತು ವರ್ಷಗಟ್ಟಲೆ ಆತು. ಉಪ್ಪು ಯಾವುದು, ಸಕ್ರಿ ಯಾವುದು, ಗುರುತ ಹತ್ತಾಂಗಿಲ್ಲ. ಯಾರಿಗೂ ಹೇಳಿಲ್ಲ. ಇವರೆಲ್ಲ ಚಲೋ ಆಗೈತಿ ಚಲೋ ಆಗೈತಿ ಅಂತಿದ್ರು, ನಡೀತು. ಅವತ್ತ ನೀ ಉಪ್ಪು ಮುಂದಾಗೈತಿ ಅಂದಿ. ಮುಗೀತು, ನನ್ನ ಕೈ ಕೆಟ್ಟಿತು, ಹೊರಗಿನಂವಗೂ ಗೊತ್ತಾತು ಅಂತ ತಿಳಕೊಂಡೆ. ನಿನ್ನ ಮ್ಯಾಲ ಸಿಟ್ಟಲ್ಲದು. ಹೆದರಿಕಿ."

ಗದಿಗೆವ್ವ ಅಜ್ಜಿಯ ಹತ್ತಿರ ಕೂತಳು. ಇಷ್ಟು ದಿನ ಈ ಮುದುಕಿ ಒಬ್ಬಳೇ ಇದನ್ನು ಹೊತ್ತುಕೊಂಡು ಒಲೆಯ ಮುಂದೆ ಕೂರುತ್ತಿದ್ದಳಲ್ಲ ಎಂದುಕೊಂಡು ಅಜ್ಜಿಯ ಕೈ ಹಿಡಿದಳು. "ನಿನ್ನ ಕೈ ಕೆಟ್ಟಿರಲಿಲ್ಲ ಅಜ್ಜಿ. ಅವತ್ತ ನೀನೂ ಹಾಕಿದ್ದಿ, ಅವ್ವನೂ ಹಾಕಿದ್ಲು, ನಾನೂ ಹಾಕಿದೆ. ಮೂರ ಸಲ ಬಿದ್ದಿತ್ತು."

"ನಾ ಮುಚ್ಚಳ ಬೋರಲ ಹಾಕಿದ್ನಲ್ಲ?"

ಗದಿಗೆವ್ವ ಒಂದು ಕ್ಷಣ ವಿರೂಪಾಕ್ಷಪ್ಪನ ಕಡೆ ನೋಡಿದಳು. ಅವನಿಗೆ ಏನೂ ತಿಳಿದಿರಲಿಲ್ಲ. "ಹಾಕಿದ್ದಿ. ಗಡಿಬಿಡ್ಯಾಗ ನಾವ ನೋಡಲಿಲ್ಲ," ಎಂದಳು. ಅವ್ವ ಮಗಳ ಮುಖವನ್ನು ದಿಟ್ಟಿಸಿದಳು.

ಅಜ್ಜಿಯ ಮುಖದ ಮೇಲಿನ ಯಾವುದೋ ಭಾರ ಇಳಿದಂತಿತ್ತು. ಆಮೇಲೆ ಮೊಮ್ಮಗಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು.

"ನನ್ನ ಮದುವಿ ಆದಾಗ ಯಾರೂ ಕೇಳಲಿಲ್ಲ. ನಿಮ್ಮವ್ವನ್ನೂ ಕೇಳಲಿಲ್ಲ. ನಾ ನಿನ್ನ ಕೇಳತೀನಿ, ನೆಟ್ಟಗ ಹೇಳ. ಮುಂಡರಗಿಯವರಿಗೆ ನಾವಿನ್ನೂ ಮಾತ ಕೊಟ್ಟಿಲ್ಲ. ನಿನಗ ಯಾರ ಬೇಕು?"

ಇಂಥ ಮಾತಿಗೆ ಹೆಣ್ಣುಮಕ್ಕಳು ಒಳಗೆ ಓಡಿ ಹೋಗುವುದು ರೂಢಿ. ಓಡಿದರೆ ಒಪ್ಪಿಗೆ ಎಂದು ಹಿರಿಯರು ತಿಳಿದುಕೊಳ್ಳುತ್ತಾರೆ. ಅವ್ವ ದಾರಿ ಬಿಡಲು ಬಾಗಿಲಿನಿಂದ ಪಕ್ಕಕ್ಕೂ ಸರಿದಳು.

ಗದಿಗೆವ್ವ ಓಡಲಿಲ್ಲ. ವಿರೂಪಾಕ್ಷಪ್ಪ ತುತ್ತು ಮರೆತು ಅವಳನ್ನೇ ನೋಡುತ್ತಿದ್ದ. ಅವಳು ಅವನತ್ತ ತಿರುಗಿ, ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಇವರ ಬೇಕು ಅಜ್ಜಿ. ನಾ ಮಾಡಿದ್ದನ್ನ ನೋಡಿ ಉಣ್ಣಾವರು ಬೇಕು. ತಪ್ಪಿದ್ರ ತಪ್ಪೇತಿ ಅನ್ನಾವರು ಬೇಕು. ಇವರಿಗೆ ನಾ ಎಷ್ಟ ಬೇಕಾಗೀನೋ ನನಗ ಇವರೂ ಅಷ್ಟ ಬೇಕು."

ಹೇಳಿ ಮುಗಿಸಿದ ಮೇಲೂ ಅವಳು ತಲೆ ತಗ್ಗಿಸಲಿಲ್ಲ.